ಮಗ ಮೊರಿಯಾಸು ಆಗ್ತೀನಿ ಅಂತಿದ್ದಾನೆ, ಬಿಡಬಹುದಾ?

ಪ್ರಶ್ನೆ: ಸರ್, ನಾವು ಮೈಸೂರಿನವರು. ಮಗನಿಗೆ ನಾಲ್ಕು ವರ್ಷವಿದ್ದಾಗ ಟೋಕಿಯೊಗೆ ಬಂದೆವು, ನಿಶಿಕಸಾಯ್‌ನಲ್ಲೇ ಮನೆ. ಅವನು ಈಗ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದಾನೆ. ಜೆ-ಲೀಗ್ ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್, ಅದರ ಒಂದು ಕ್ಲಬ್ಬಿನ ಅಂಡರ್-18 ತಂಡದಲ್ಲಿ ಮಿಡ್‌ಫೀಲ್ಡರ್. ಹೋದ ತಿಂಗಳು ಕ್ಲಬ್ಬಿನವರು ನಮ್ಮನ್ನು ಕರೆಸಿ, ಇವನನ್ನು ಸೀನಿಯರ್ ತಂಡಕ್ಕೆ ತಗೊಳ್ಳುವುದಿಲ್ಲ ಎಂದು ಹೇಳಿದರು. ಒಂದು ವಾರ ಹುಡುಗ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಆಮೇಲೆ ಶುರುವಾಯಿತು ನೋಡಿ: "ನಾನು ಕೋಚ್ ಆಗ್ತೀನಿ. ಮೊರಿಯಾಸು ಏನು ದೊಡ್ಡ ಪ್ಲೇಯರ್ರಾ? ಈಗ ಜಪಾನ್ ತಂಡಕ್ಕೇ ಕೋಚ್." ಕಾಲೇಜು ಬೇಡವಂತೆ, ನೇರವಾಗಿ ಲೈಸೆನ್ಸ್ ಕೋರ್ಸ್ ಸೇರುತ್ತಾನಂತೆ. ಅವರಪ್ಪ ಎಂಜಿನಿಯರಿಂಗ್ ಬಿಟ್ಟು ಬೇರೆ ಮಾತು ಬೇಡ ಅಂತಾರೆ. ಎತ್ತು ಏರಿಗೆ, ಕೋಣ ನೀರಿಗೆ, ನಡುವೆ ನಾನು. ಸ್ಟಾರ್ ಆಟಗಾರರಾಗಿದ್ದವರಿಗೆ ಮಾತ್ರ ಕೋಚ್ ಕೆಲಸ ಸಿಗುತ್ತದೆ ಎಂದು ಇಲ್ಲಿನ ನಮ್ಮವರು ಹೇಳುತ್ತಾರೆ. ಆ ಮೊರಿಯಾಸು ಅವರನ್ನೇ 2021ರಲ್ಲಿ ಕಿತ್ತುಹಾಕಿ ಅಂತ ಜನ ಬೈದದ್ದನ್ನು ನಾನೇ ನೋಡಿದ್ದೇನೆ. ಇಂಥ ಕೆಲಸಕ್ಕೆ ಮಗನನ್ನು ಬಿಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಜನರ ಮಾತಿದೆ. ದೊಡ್ಡ ಆಟಗಾರನಲ್ಲದಿದ್ದರೂ ಕೋಚ್ ಆಗಬಹುದು ಎಂದು ಮಗ ನಂಬಿದ್ದಾನೆ. ದೊಡ್ಡ ಆಟಗಾರನೇ ಆಗಿರಬೇಕು ಎಂದು ನೆಂಟರಿಷ್ಟರು ನಂಬಿದ್ದಾರೆ. ಆದರೂ ಆ ಕುರ್ಚಿ ನಿಲ್ಲುವುದಿಲ್ಲ ಎನ್ನುವುದು ನಿಮ್ಮ ಭಯ. ಮೂವರೂ ಬೆರಳು ತೋರಿಸುತ್ತಿರುವುದು ಒಬ್ಬನೇ ಮನುಷ್ಯನ ಕಡೆಗೆ. ಹಾಗಾಗಿ ಮೊದಲು ಅವರ ವಿಷಯವನ್ನೇ ಸರಿಯಾಗಿ ನೋಡಿಬಿಡೋಣ. ಹುಡುಗರ ತಂಡಗಳಿಗೆ ತರಬೇತಿ ಕೊಡುವುದೇ ನನ್ನ ಕಸುಬು. ಇಂಥ ಹದಿನೆಂಟರ ಹುಡುಗರನ್ನೂ ಅವರ ಮನೆಯವರನ್ನೂ ನೋಡುತ್ತಲೇ ಇರುತ್ತೇನೆ. ಅವರು ತಮಗೆ ಬೇಕಾದ ಕತೆಯಲ್ಲಿ ಬೇಕಾದಷ್ಟನ್ನೇ ಓದುತ್ತಾರೆ. ನಿಮ್ಮ ಮಗ ಮೊರಿಯಾಸು ಕತೆಯಲ್ಲಿ ಮೊದಲ ಪುಟ ಮತ್ತು ಕೊನೇ ಪುಟ ಓದಿದ್ದಾನೆ, ನಡುವಿನದನ್ನು ಬಿಟ್ಟಿದ್ದಾನೆ.

ಹಾಜಿಮೆ ಮೊರಿಯಾಸು ಹುಟ್ಟಿದ್ದು 1968ರಲ್ಲಿ, ಶಿಜುಒಕಾ ಪ್ರಾಂತ್ಯದ ಕಾಕೆಗಾವಾದಲ್ಲಿ. ಬೆಳೆದದ್ದು ನಾಗಸಾಕಿಯಲ್ಲಿ. 1987ರಲ್ಲಿ ಹೈಸ್ಕೂಲು ಮುಗಿಸಿ ಹಿರೋಶಿಮಾದ ಮಜ್ದಾ ಕಂಪನಿಯ ತಂಡಕ್ಕೆ ಸೇರಿದರು. ಆಗ ಜಪಾನಿನಲ್ಲಿ ವೃತ್ತಿಪರ ಲೀಗ್ ಇರಲಿಲ್ಲ, ಕಂಪನಿ ತಂಡಗಳೇ ಎಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳ ಕಾಲವನ್ನು ನೆನಪಿಸಿಕೊಂಡರೆ ಅದರ ಸ್ವರೂಪ ನಿಮಗೆ ಗೊತ್ತಾಗುತ್ತದೆ: ನೌಕರಿ ಕಂಪನಿಯದು, ಆಟವೂ ಕಂಪನಿಯದು. ಆ ವರ್ಷ ಸೇರಿದ ಹುಡುಗರಲ್ಲಿ ಮೊರಿಯಾಸುಗೆ ಮುಖ್ಯ ಕಂಪನಿಯಲ್ಲಿ ಜಾಗ ಸಿಗದೆ, ಮಜ್ದಾದ ಸಾಗಣೆ ಅಂಗಸಂಸ್ಥೆಯ ಲೆಕ್ಕದಲ್ಲಿ ತೆಗೆದುಕೊಂಡರು. ಅಂದರೆ ಸರತಿಯಲ್ಲಿ ಕೊನೆಯವರು. ನಿಮ್ಮ ಮಗ ಹೇಳುವುದರಲ್ಲಿ ನಿಜ ಇರುವುದು ಇಷ್ಟು ಮಾತ್ರ.

ಆಮೇಲೆ ಏನಾಯಿತು? ಮಜ್ದಾಕ್ಕೆ ಕೋಚ್ ಆಗಿದ್ದ ಡಚ್ ಮನುಷ್ಯ ಹಾನ್ಸ್ ಊಫ್ಟ್ 1992ರಲ್ಲಿ ಜಪಾನ್ ರಾಷ್ಟ್ರೀಯ ತಂಡದ ಕೋಚ್ ಆದರು. ಬಂದವರೇ ಮೊರಿಯಾಸುವನ್ನು ಕರೆದರು. ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಆ ಹೆಸರೇ ಗೊತ್ತಿರಲಿಲ್ಲ. ಮೊದಲ ಪಂದ್ಯವೇ ಅರ್ಜೆಂಟೀನಾ ಎದುರು. ರಕ್ಷಣೆಯವರ ಮುಂದೆ ನಿಂತು ಎದುರಾಳಿಯ ಪಾಸ್ ಕತ್ತರಿಸುವುದು, ಚೆಂಡು ಸಿಕ್ಕರೆ ಹತ್ತಿರದ ಜೊತೆಗಾರನಿಗೆ ದಾಟಿಸುವುದು, ಇದು ಅವರ ಕೆಲಸ. ಟಿವಿಯಲ್ಲಿ ನೋಡುವವನ ಕಣ್ಣಿಗೆ ಬೀಳುವ ಆಟವಲ್ಲ. ಆದರೆ ಆ ವರ್ಷ ಹಿರೋಶಿಮಾದಲ್ಲೇ ನಡೆದ ಏಷ್ಯನ್ ಕಪ್ಪನ್ನು ಜಪಾನ್ ಮೊದಲ ಬಾರಿಗೆ ಗೆದ್ದಾಗ ಅವರು ಆ ತಂಡದಲ್ಲಿದ್ದರು. ದೇಶಕ್ಕಾಗಿ 35 ಪಂದ್ಯ ಆಡಿದರು, ಒಂದು ಗೋಲು ಹೊಡೆದರು. 1994ರಲ್ಲಿ ಸಾನ್‌ಫ್ರೆಚೆ ಹಿರೋಶಿಮಾ (ಮಜ್ದಾ ತಂಡವೇ ಮುಂದೆ ಈ ಕ್ಲಬ್ ಆಯಿತು) ಜೆ-ಲೀಗ್ ಸೀಸನ್ನಿನ ಮೊದಲರ್ಧದ ಹಂತ ಗೆದ್ದಾಗಲೂ ಆ ತಂಡದ ನಡುಗಂಬ ಅವರೇ. 35 ಪಂದ್ಯ ದೇಶಕ್ಕೆ ಆಡಿದವನನ್ನು 'ದೊಡ್ಡ ಪ್ಲೇಯರ್ ಅಲ್ಲ' ಎನ್ನಬೇಕಾದರೆ ಹುಡುಗ ಯೂಟ್ಯೂಬಿನಲ್ಲಿ ಬರೀ ಗೋಲುಗಳನ್ನು ನೋಡಿರಬೇಕು. ಇದನ್ನು ಅವನಿಗೆ ನೀವು ಹೇಳಿದರೆ ಕೋಪ ಬರಬಹುದು. ಆದರೆ ಅವನೂ ಮಿಡ್‌ಫೀಲ್ಡರ್ ಅಂತೀರಿ, ಯೋಚನೆ ಮಾಡಿದರೆ ಅವನಿಗೇ ತಿಳಿಯುತ್ತದೆ.

ಹಾಗಾದರೆ ನೆಂಟರು ಹೇಳಿದ್ದು ಸರಿಯೇ? ಅದೂ ಅಲ್ಲ. ಕಾವಾಸಾಕಿ ಫ್ರೊಂಟಾಲೆಗೆ 2017, 2018, 2020, 2021 ಹೀಗೆ ನಾಲ್ಕು ಸಲ ಜೆ1, ಅಂದರೆ ಜೆ-ಲೀಗಿನ ಮೊದಲ ದರ್ಜೆಯ ಪಟ್ಟ ಗೆಲ್ಲಿಸಿದ ಟೊರು ಒನಿಕಿ ಕ್ಲಬ್ ಆಟಗಾರ ಹೌದು, ಆದರೆ ಜಪಾನ್ ಸೀನಿಯರ್ ತಂಡಕ್ಕೆ ಒಂದು ಪಂದ್ಯವನ್ನೂ ಆಡಿದವರಲ್ಲ. ಗೊ ಕುರೊಡಾ ಇನ್ನೂ ಒಂದು ಹೆಜ್ಜೆ ಆಚೆ. ವೃತ್ತಿಪರ ಆಟವನ್ನೇ ಆಡದೆ, ಅಒಮೊರಿ ಯಮಾದಾ ಹೈಸ್ಕೂಲಿನಲ್ಲಿ ಎರಡೂವರೆ ದಶಕಕ್ಕೂ ಮೀರಿ ಹುಡುಗರನ್ನು ತಯಾರು ಮಾಡಿ, 2023ರಲ್ಲಿ ಮಾಚಿದಾ ಜೆಲ್ವಿಯಾಗೆ ಬಂದರು. ಬಂದ ವರ್ಷವೇ ಎರಡನೇ ದರ್ಜೆಯ ಲೀಗ್ ಗೆದ್ದು, ಮರುವರ್ಷ ಮೊದಲ ದರ್ಜೆಯಲ್ಲಿ ಮೂರನೇ ಸ್ಥಾನಕ್ಕೆ ತಂಡವನ್ನು ತಂದು ನಿಲ್ಲಿಸಿದರು. ಇನ್ನೊಂದು ತುದಿಯಲ್ಲಿ ಶುನ್‌ಸುಕೆ ನಕಾಮುರಾ ಅವರನ್ನು ನೋಡಿ. ದೇಶಕ್ಕೆ 98 ಪಂದ್ಯ, ಆ ಫ್ರೀಕಿಕ್ಕುಗಳು! ಅಂಥವರೂ 2022ರಲ್ಲಿ ಆಟ ಬಿಟ್ಟ ಮೇಲೆ ಯೊಕೊಹಾಮಾ ಎಫ್‌ಸಿಯಲ್ಲಿ ಸಹಾಯಕ ಕೋಚ್ ಆಗಿಯೇ ಶುರು ಮಾಡಿದರು.

ಹೆಸರಿದ್ದರೆ ಮೊದಲ ಬಾಗಿಲು ಬೇಗ ತೆರೆಯುತ್ತದೆ, ಅದು ಜಗತ್ತಿನಲ್ಲಿ ಎಲ್ಲ ಕಡೆಯೂ ಅಷ್ಟೇ. ಆದರೆ ಜಪಾನಿನಲ್ಲಿ ಜೆ-ಲೀಗ್ ತಂಡದ ಮುಖ್ಯ ಕೋಚ್ ಆಗಲು ಅತಿ ಮೇಲಿನ ದರ್ಜೆಯ ಲೈಸೆನ್ಸ್ ಬೇಕೇ ಬೇಕು, ಯಾರಾಗಿದ್ದರೂ ಸರಿ. ಸಿ, ಬಿ, ಎ ದರ್ಜೆಗಳನ್ನು ದಾಟಿ ಅಲ್ಲಿಗೆ ಹೋಗಬೇಕು. ಮೇಲಿನ ಆ ಕೋರ್ಸಿಗೆ ವರ್ಷಕ್ಕೆ ಒಂದು ಸಣ್ಣ ತರಗತಿ ತುಂಬುವಷ್ಟು ಜನರನ್ನಷ್ಟೇ ತೆಗೆದುಕೊಳ್ಳುತ್ತಾರೆ. ಜಪಾನ್ ತಂಡದ ತಾರೆಯಾಗಿದ್ದ ಕೈಸುಕೆ ಹೊಂಡಾ ಈ ಪದ್ಧತಿಯನ್ನು ಬಹಿರಂಗವಾಗಿಯೇ ಟೀಕಿಸಿದವರು. 2018ರಿಂದ ಅವರು ಕಾಂಬೋಡಿಯಾ ತಂಡವನ್ನು ನಡೆಸಿದರಲ್ಲ, ಆಗ ಅವರ ಬಳಿ ಕೋಚಿಂಗ್ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಹುದ್ದೆಯ ಹೆಸರು ಜನರಲ್ ಮ್ಯಾನೇಜರ್ ಎಂದಾಯಿತು. ಹೊಂಡಾಗೆ ಸಿಕ್ಕ ರಿಯಾಯಿತಿ ಅಂಡರ್-18 ಹುಡುಗನಿಗೆ ಸಿಗುವುದಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಗ ಬಿಟ್ಟುಬಿಟ್ಟ ನಡುವಿನ ಪುಟಗಳು. ನನ್ನ ಪ್ರಕಾರ ಇಡೀ ಕತೆ ಇರುವುದೇ ಅಲ್ಲಿ.

ಮೊದಲು 1993ರ ಅಕ್ಟೋಬರ್ 28. ದೋಹಾ. ಇರಾಕ್ ವಿರುದ್ಧ ಗೆದ್ದರೆ ಜಪಾನ್ ಮೊದಲ ಬಾರಿಗೆ ವಿಶ್ವಕಪ್ಪಿಗೆ ಹೋಗುತ್ತದೆ. 2-1ರ ಮುನ್ನಡೆ ಇದೆ, ನಿಗದಿತ ಹೊತ್ತು ಮುಗಿದಿದೆ. ಇರಾಕಿಗೆ ಕಾರ್ನರ್ ಸಿಗುತ್ತದೆ. ಎಲ್ಲರೂ ಗೋಲಿನ ಮುಂದೆ ಎತ್ತರದ ಚೆಂಡಿಗೆ ಕಾದಿದ್ದಾರೆ. ಇರಾಕಿನವರು ಹಾಗೆ ಎತ್ತಿ ಹೊಡೆಯದೆ ಪಕ್ಕದವನಿಗೆ ಸಣ್ಣದಾಗಿ ತಳ್ಳುತ್ತಾರೆ. ದಾಳಿಯ ಆಟಗಾರ ಕಾಜು ಮಿಯುರಾ ಓಡಿಹೋಗಿ ಕಾಲು ಚಾಚುತ್ತಾರೆ, ತಡವಾಗಿರುತ್ತದೆ. ತೂರಿಬಂದ ಚೆಂಡಿಗೆ ಜಾಫರ್ ಒಮ್ರಾನ್ ತಲೆ ಕೊಡುತ್ತಾನೆ. 2-2. ಜಪಾನಿನ ಆಟಗಾರರು ನಿಂತಲ್ಲೇ ಕುಸಿದು ಕೂರುತ್ತಾರೆ. ಸೌದಿ ಅರೇಬಿಯಾ, ದಕ್ಷಿಣ ಕೊರಿಯಾ 1994ರ ವಿಶ್ವಕಪ್ಪಿಗೆ ಅಮೆರಿಕಕ್ಕೆ ಹೋದವು. ಆ ಹೊತ್ತು ಮೈದಾನದಲ್ಲಿದ್ದವರಲ್ಲಿ ಇಪ್ಪತ್ತೈದರ ಮೊರಿಯಾಸುವೂ ಒಬ್ಬರು. ಮುಂದೆ ವಿಶ್ವಕಪ್ ಆಡುವ ಭಾಗ್ಯ ಅವರಿಗೆ ಬರಲೇ ಇಲ್ಲ. ಜಪಾನೀಯರು ಇಂದಿಗೂ 'ದೋಹಾ ದುರಂತ' ಎನ್ನುವುದು ಇದನ್ನೇ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. 'ಸೋಲೇ ಅವರನ್ನು ಕೋಚ್ ಮಾಡಿತು' ಎಂದು ಬರೆಯುವವರಿದ್ದಾರೆ. ನಾನು ನಂಬುವುದಿಲ್ಲ. ಅದೇ ರಾತ್ರಿ ಅದೇ ಹುಲ್ಲಿನ ಮೇಲೆ ಕುಸಿದ ಎಲ್ಲರೂ ರಾಷ್ಟ್ರೀಯ ಕೋಚ್ ಆಗಲಿಲ್ಲವಲ್ಲ. ನಿಮ್ಮ ಮಗನೂ ಕ್ಲಬ್ಬಿನವರು ಬೇಡವೆಂದ ನೋವನ್ನೇ ಬಂಡವಾಳ ಅಂದುಕೊಂಡಿರಬಹುದು. ನೋವು ಆರು ತಿಂಗಳು ಓಡಿಸುತ್ತದೆ, ಅದರಾಚೆಗೆ ಬೇರೆ ಏನಾದರೂ ಬೇಕು.

ಆ ಬೇರೆ ಏನು ಎನ್ನುವುದಕ್ಕೆ ಒಂದು ಉತ್ತರ ಮಜ್ದಾದಲ್ಲೇ ಇದೆ. ತಂಡದ ಆಡಳಿತ ನೋಡುತ್ತಿದ್ದ ಕಾಜುಒ ಇಮಾನಿಶಿ ಎಂಬುವರು ಹಿರೋಶಿಮಾದವರು, ಬಾಲ್ಯದಲ್ಲೇ ಅಣುಬಾಂಬಿಗೆ ಸಿಕ್ಕು ಬದುಕಿದವರು. ಆಟಗಾರ ಮೊದಲು ಸಮಾಜದಲ್ಲಿ ಒಬ್ಬ ಒಳ್ಳೆಯ ಮನುಷ್ಯನಾಗಿ ನಿಲ್ಲಬೇಕು ಎನ್ನುವುದು ಅವರ ಪಟ್ಟು. ಕಂಪನಿಯ ಕೆಲಸ ಮುಗಿಸಿ ಆಟದ ಅಭ್ಯಾಸ. ಈ ಶಾಲೆಯಿಂದ ಹೊರಬಂದ ಎಷ್ಟೋ ಜನ ಮುಂದೆ ಜಪಾನಿನ ಕ್ಲಬ್ಬುಗಳಲ್ಲಿ ಕೋಚ್, ಆಡಳಿತಗಾರರಾದರು. ಯಾಹಿರೊ ಕಜಾಮಾ ಅವರಲ್ಲೊಬ್ಬರು. ಅಕಿನೊಬು ಯೊಕೊಉಚಿ ಇನ್ನೊಬ್ಬರು, ಹಿರೋಶಿಮಾದಲ್ಲೂ ರಾಷ್ಟ್ರೀಯ ತಂಡದಲ್ಲೂ 2022ರ ವಿಶ್ವಕಪ್ಪಿನವರೆಗೆ ಮೊರಿಯಾಸುಗೆ ಬಲಗೈ ಆಗಿದ್ದವರು. ಕೋಚ್‌ಗಳನ್ನು ಕಾರ್ಖಾನೆಯಲ್ಲಿ ತಯಾರು ಮಾಡಲಾಗುವುದಿಲ್ಲ ಅಂತಾರೆ. ಆದರೆ ಒಂದು ಕಾರು ಕಾರ್ಖಾನೆ ಹೆಚ್ಚುಕಡಿಮೆ ಅದನ್ನೇ ಮಾಡಿತು.

ಮೊರಿಯಾಸು 2003ರಲ್ಲಿ ವೆಗಾಲ್ಟಾ ಸೆಂಡಾಯ್ ಪರ ಕೊನೆಯ ಸೀಸನ್ ಆಡಿದರು. ಆ ವರ್ಷ ತಂಡ ಕೆಳದರ್ಜೆಗೆ ಬಿತ್ತು. 2004ರ ಜನವರಿಯಲ್ಲಿ ಆಟ ಬಿಟ್ಟರು, ಮೂವತ್ತೈದು ವಯಸ್ಸು. ಇಲ್ಲಿಂದ 2012ರವರೆಗೆ ಏನು ಮಾಡಿದರು ಎಂದು ಮಗನನ್ನು ಕೇಳಿ ನೋಡಿ. ಹಿರೋಶಿಮಾ ಕ್ಲಬ್ಬಿಗೆ ಮರಳಿ ಎಳೆಯರನ್ನು ತಿದ್ದುವ ಕೆಲಸ. ಜಪಾನ್ ಫುಟ್‌ಬಾಲ್ ಒಕ್ಕೂಟ ನಡೆಸುವ ಪ್ರತಿಭಾ ಶಿಬಿರಗಳಲ್ಲಿ ಕೋಚ್. ಅಂಡರ್-20 ರಾಷ್ಟ್ರೀಯ ತಂಡದಲ್ಲಿ ಸಹಾಯಕ. ಆಮೇಲೆ ಹಿರೋಶಿಮಾ ಸೀನಿಯರ್ ತಂಡದಲ್ಲಿ ಮಿಹೈಲೊ ಪೆಟ್ರೊವಿಚ್ ಕೈಕೆಳಗೆ ಸಹಾಯಕ ಕೋಚ್. ಆ ಅವಧಿಯಲ್ಲಿ ಕ್ಲಬ್ ಒಮ್ಮೆ ಕೆಳದರ್ಜೆಗೆ ಇಳಿದು ಮತ್ತೆ ಮೇಲೆ ಬಂತು. 2010 ಮತ್ತು 2011ರಲ್ಲಿ ಅಲ್ಬಿರೆಕ್ಸ್ ನೀಗಾಟಾದಲ್ಲಿ, ಅಲ್ಲೂ ಸಹಾಯಕರೇ. ಹೀಗೆ ಎಂಟು ವರ್ಷ. ಅಭ್ಯಾಸಕ್ಕೆ ಕೋನುಗಳನ್ನು ಇಡುವುದು, ವಿಡಿಯೊ ನೋಡಿ ಬರೆದುಕೊಳ್ಳುವುದು, ಆಡುವ ಹನ್ನೊಂದರಲ್ಲಿ ಸೇರದವನ ಮೈಮನಸ್ಸು ಕಾಯುವುದು, ಮುಖ್ಯ ಕೋಚ್ ತಪ್ಪಾಗಿ ಯೋಚಿಸುತ್ತಿದ್ದಾನೆ ಅನ್ನಿಸಿದಾಗ ಅದನ್ನು ಕೋಣೆಯೊಳಗೆ ಹೇಳಿ ಹೊರಗೆ ಬಾಯಿ ಮುಚ್ಚಿಕೊಂಡಿರುವುದು. ಸಹಾಯಕ ಕೋಚ್ ಕೆಲಸ ಎಂದರೆ ಇದು. ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ.

2012ರಲ್ಲಿ ಪೆಟ್ರೊವಿಚ್ ಉರಾವಾ ತಂಡಕ್ಕೆ ಹೋದರು. ಹಿರೋಶಿಮಾದ ಬಳಿ ದೊಡ್ಡ ಹೆಸರಿನ ಕೋಚನ್ನು ತರುವಷ್ಟು ದುಡ್ಡಿರಲಿಲ್ಲ. ಮನೆಯವನೇ ಆದ ಮೊರಿಯಾಸುವನ್ನು ಕರೆದರು. ಆಗ ಅವರಿಗೆ 43. ಮೊದಲ ವರ್ಷವೇ ಕ್ಲಬ್ಬಿಗೆ ಚರಿತ್ರೆಯ ಮೊದಲ ಜೆ-ಲೀಗ್ ಪಟ್ಟ. ಹಿಸಾಟೊ ಸಾಟೊ 22 ಗೋಲು ಹೊಡೆದು ಲೀಗಿನ ಶ್ರೇಷ್ಠ ಆಟಗಾರನಾದ. 2013ರಲ್ಲಿ ಕೊನೆಯ ದಿನ ಯೊಕೊಹಾಮಾ ಎಫ್ ಮರಿನೊಸ್ ಸೋತು, ಹಿರೋಶಿಮಾ ಗೆದ್ದು, ಪಟ್ಟ ಮತ್ತೆ ಇತ್ತ ಬಂತು. 2015ರಲ್ಲಿ ಮೂರನೆಯದು. ಆ ಡಿಸೆಂಬರಿನ ಕ್ಲಬ್ ವಿಶ್ವಕಪ್ಪಿನಲ್ಲಿ ಮೂರನೇ ಸ್ಥಾನವೂ ಬಂತು. ಹೊಸ ಕೋಚ್ ಬಂದರೆ ಹಿಂದಿನವನದ್ದನ್ನೆಲ್ಲ ಗುಡಿಸಿ ಹಾಕುವುದು ವಾಡಿಕೆ. ಇವರು ಪೆಟ್ರೊವಿಚ್ ಕಟ್ಟಿದ, ಹಿಂದೆ ಮೂವರು ಡಿಫೆಂಡರುಗಳ 3-4-2-1 ಜೋಡಣೆಯನ್ನು ಹಾಗೇ ಇಟ್ಟುಕೊಂಡು ರಕ್ಷಣೆಯನ್ನು ಬಿಗಿ ಮಾಡಿದರು. ಅದು ಅವರಿಗೆ ಒಳಗಿಂದ ಗೊತ್ತಿದ್ದ ಪದ್ಧತಿ, ಸಹಾಯಕರಾಗಿದ್ದಾಗ ದಿನಾ ಮಾಡಿಸಿದ್ದು.

ಇದರ ಫಲ ಎಲ್ಲಿ ಕಾಣಿಸಿತು ಗೊತ್ತೆ? 2022ರ ನವೆಂಬರ್ 23, ಮತ್ತೆ ದೋಹಾ, ವಿಶ್ವಕಪ್, ಎದುರಿಗೆ ಜರ್ಮನಿ. ಮೊದಲಾರ್ಧದಲ್ಲಿ ಜಪಾನಿಗೆ ಚೆಂಡೇ ಸಿಗಲಿಲ್ಲ. ಗುಂಡೊಗಾನ್ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗಿತ್ತು. ಹಾಫ್‌ಟೈಮಿನಲ್ಲಿ ಮೊರಿಯಾಸು ದಾಳಿಯ ಕುಬೊನನ್ನು ಕೂರಿಸಿ ಡಿಫೆಂಡರ್ ತೊಮಿಯಾಸುವನ್ನು ಇಳಿಸಿದರು. ಸೋಲುತ್ತಿರುವಾಗ ಡಿಫೆಂಡರ್ ಇಳಿಸುವುದು! ಆದರೆ ಹಿಂದೆ ಮೂವರಾದ ತಕ್ಷಣ ಅಂಚಿನ ಇಬ್ಬರು ಮೇಲೆ ಹೋಗಲು ಬಿಡುವಾಯಿತು. ಆಮೇಲೆ ಮಿತೊಮಾ, ಅಸಾನೊ, ಡೊಆನ್, ಮಿನಾಮಿನೊ ಬಂದರು, ಎಲ್ಲರೂ ದಾಳಿಯವರು. 75ನೇ ನಿಮಿಷ ಡೊಆನ್ ಗೋಲು, 83ನೇ ನಿಮಿಷ ಅಸಾನೊ ಗೋಲು. 2-1. ಕೊನೆಯ ನಿಮಿಷಗಳಲ್ಲಿ ಹಳೆಯ ದೋಹಾ ನೆನಪಾಯಿತು ಎಂದು ಮೊರಿಯಾಸುವೇ ಆಮೇಲೆ ಹೇಳಿಕೊಂಡಿದ್ದಾರೆ. ಟಿವಿಯವರು ಇದಕ್ಕೆ ಪವಾಡ ಅಂದರು. ಹಿರೋಶಿಮಾದಲ್ಲಿ ಅವರ ತಂಡ ನೋಡಿದವರಿಗೆ ಅದು ಹಳೆಯ ಪರಿಚಯದ ಜೋಡಣೆ. ಹಾಫ್‌ಟೈಮಿನ ಹದಿನೈದು ನಿಮಿಷದಲ್ಲಿ ಯಾರಿಗೂ ಹೊಸ ವಿದ್ಯೆ ಹೊಳೆಯುವುದಿಲ್ಲ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ, ಅದು ಬರೀ ಭಯವಲ್ಲ. ಮೂರು ಪಟ್ಟ ಗೆದ್ದುಕೊಟ್ಟ ಅದೇ ಹಿರೋಶಿಮಾದಲ್ಲಿ 2017ರ ಮೊದಲ 17 ಪಂದ್ಯಗಳಲ್ಲಿ ಎರಡೇ ಗೆಲುವು ಸಿಕ್ಕಿತು. ಜುಲೈನಲ್ಲಿ ಮೊರಿಯಾಸು ಹುದ್ದೆ ಬಿಟ್ಟರು. ಅದೇ ಅಕ್ಟೋಬರಿನಲ್ಲಿ ಒಕ್ಕೂಟ ಅವರನ್ನು ಟೋಕಿಯೊ ಒಲಿಂಪಿಕ್ಸ್ ತಂಡಕ್ಕೆ ಕೋಚ್ ಮಾಡಿತು. 2018ರ ವಿಶ್ವಕಪ್ಪಿಗೆ ಅಕಿರಾ ನಿಶಿನೊ ಅವರಿಗೆ ಸಹಾಯಕರಾಗಿ ಹೋದರು (ಮೂರು ಪಟ್ಟ ಗೆದ್ದವರು ಮತ್ತೆ ಸಹಾಯಕ, ಗಮನಿಸಿ), ಮುಗಿದ ಮೇಲೆ ಸೀನಿಯರ್ ತಂಡವೂ ಅವರದಾಯಿತು. 2019ರ ಏಷ್ಯನ್ ಕಪ್ ಫೈನಲ್‌ನಲ್ಲಿ ಕತಾರ್ ಎದುರು ಸೋಲು. ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಪದಕವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಸ್ವಂತ ನೆಲದಲ್ಲಿ ಒಮಾನ್ ಎದುರು, ಅಕ್ಟೋಬರಿನಲ್ಲಿ ಜೆಡ್ಡಾದಲ್ಲಿ ಸೌದಿ ಎದುರು 0-1. ನೀವು ನೋಡಿದ ಬೈಗುಳ ಆಗಿನದು. ಅದಾದ ಕೆಲವೇ ದಿನಕ್ಕೆ ಸೈತಾಮಾದಲ್ಲಿ ಆಸ್ಟ್ರೇಲಿಯಾವನ್ನು 2-1ರಿಂದ ಸೋಲಿಸದೇ ಹೋಗಿದ್ದರೆ ಅವರ ಕತೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ವಿಶ್ವಕಪ್ಪಿನಲ್ಲೇ ನೋಡಿ: ಜರ್ಮನಿಯನ್ನು ಗೆದ್ದಾಗ ದೇವರು, ನಾಲ್ಕು ದಿನದ ಮೇಲೆ ಕೋಸ್ಟರಿಕಾ ಎದುರು ಸೋತಾಗ ಮತ್ತೆ ಬೈಗುಳ, ಸ್ಪೇನನ್ನು ಗೆದ್ದಾಗ ಪುನಃ ದೇವರು. ಕ್ರೊಯೇಷಿಯಾ ಎದುರು ಪೆನಾಲ್ಟಿಗಳಿಗೆ ಬಂದಾಗ ಹೊಡೆಯುವವರನ್ನು ತಾವೇ ಹೆಸರಿಸದೆ, ಯಾರು ಮುಂದೆ ಬರುತ್ತೀರಿ ಎಂದು ಆಟಗಾರರನ್ನೇ ಕೇಳಿದರು. ಮೊದಲು ಬಂದ ಮಿನಾಮಿನೊ ಹೊಡೆದದ್ದು ಸೇರಿ ಮೂರನ್ನು ಗೋಲಿ ಲಿವಕೊವಿಚ್ ತಡೆದ. ಆ ತೀರ್ಮಾನ ನನಗೂ ಒಪ್ಪಿಗೆಯಿಲ್ಲ. ಅಂಥ ಹೊತ್ತಿನಲ್ಲಿ ಹೆಗಲ ಮೇಲಿನ ಭಾರ ಇಳಿಸಿಕೊಡುವುದು ಕೋಚ್‌ನ ಕೆಲಸ, ಆಟಗಾರನಿಂದ ಕೈ ಎತ್ತಿಸುವುದಲ್ಲ. ಆದರೆ ಆಟಗಾರನನ್ನು ದೊಡ್ಡವನೆಂದು ನಡೆಸಿಕೊಳ್ಳುವ ಅವರ ರೀತಿಯೇ ಅದು, ಅದೇ ರೀತಿ ಅವರಿಗೆ ಜರ್ಮನಿಯನ್ನೂ ಗೆಲ್ಲಿಸಿತ್ತು. ಸೋತ ಮೇಲೆ ಅಭಿಮಾನಿಗಳ ಕಡೆ ತಿರುಗಿ ಬಾಗಿ ನಿಂತ ಅವರ ಚಿತ್ರ ಎಲ್ಲರಿಗೂ ಗೊತ್ತು. ಅದಾದ ಡಿಸೆಂಬರಿನಲ್ಲಿ ಒಕ್ಕೂಟ ಅವರನ್ನೇ ಮುಂದುವರಿಸಿತು. ವಿಶ್ವಕಪ್ ಮುಗಿದ ಮೇಲೂ ಅದೇ ಕೋಚ್ ಉಳಿದದ್ದು ಜಪಾನಿನಲ್ಲಿ ಅದೇ ಮೊದಲು. ಆಮೇಲೂ ಹಾದಿ ಸಮತಟ್ಟಾಗಿರಲಿಲ್ಲ. 2024ರ ಆರಂಭದಲ್ಲಿ ಏಷ್ಯನ್ ಕಪ್ಪಿನ ಕ್ವಾರ್ಟರ್‌ಫೈನಲ್‌ನಲ್ಲಿ ಇರಾನ್ ಮನೆಗೆ ಕಳಿಸಿತು. 2025ರ ಮಾರ್ಚಿನಲ್ಲಿ ಬಹ್ರೇನ್ ಸೋಲಿಸಿ, ಆತಿಥೇಯರನ್ನು ಬಿಟ್ಟರೆ ಎಲ್ಲರಿಗಿಂತ ಮೊದಲು 2026ರ ವಿಶ್ವಕಪ್ಪಿಗೆ ಅರ್ಹತೆ. ಅದೇ ಅಕ್ಟೋಬರಿನಲ್ಲಿ 0-2ರಿಂದ ಎದ್ದು ಬ್ರೆಜಿಲ್ ವಿರುದ್ಧ 3-2, ಜಪಾನಿಗೆ ಬ್ರೆಜಿಲ್ ಮೇಲೆ ಮೊಟ್ಟಮೊದಲ ಜಯ.

ಹಾಗಾಗಿ ಕುರ್ಚಿ ನಿಲ್ಲುವುದಿಲ್ಲ ಎನ್ನುವ ನಿಮ್ಮ ಮಾತು ಸರಿ. ಆದರೆ ಅದು ಮುಖ್ಯ ಕೋಚ್‌ನ ಕುರ್ಚಿ. ಜೆ-ಲೀಗಿನ ಮೂರು ದರ್ಜೆಗಳಲ್ಲಿ 60 ಕ್ಲಬ್ಬುಗಳಿವೆ. ಅಂದರೆ ದೇಶದಲ್ಲೆಲ್ಲ ಅಂಥ ಕುರ್ಚಿ ಅರುವತ್ತು, ಅದರಲ್ಲೂ ವಿದೇಶೀಯರ ಪಾಲಿದೆ. ಒಂದೊಂದರ ಹಿಂದೆ ಸಹಾಯಕರು, ಗೋಲ್‌ಕೀಪರ್ ಕೋಚ್, ಮೈಕಸರತ್ತಿನ ಕೋಚ್, ವಿಡಿಯೊ ವಿಶ್ಲೇಷಕ, ಅಂಡರ್-18, ಅಂಡರ್-15, ಅಂಡರ್-12ರ ಕೋಚ್‌ಗಳು, ಸ್ಕೌಟ್‌ಗಳು ಇದ್ದಾರೆ. ನಿಮ್ಮ ಮಗ ಈ ಕಸುಬಿಗೆ ಬಂದರೆ ಅವನ ಬದುಕಿನ ಬಹುಪಾಲು, ಬಹುಶಃ ಪೂರ್ತಿ, ಕಳೆಯುವುದು ಇವರ ನಡುವೆ. ಇಲ್ಲಿ ಬೈಗುಳ ಕಡಿಮೆ, ಸಂಬಳವೂ ಕಡಿಮೆ. ಕರಾರು ಸಾಮಾನ್ಯವಾಗಿ ವರ್ಷದ್ದು. ಸಂಜೆಗಳು, ಶನಿವಾರ ಭಾನುವಾರಗಳು ಮನೆಯವರದಲ್ಲ. ಮೊರಿಯಾಸು ಆಗುತ್ತೇನೆ ಎನ್ನುವವನನ್ನು ಕೇಳಬೇಕಾದ್ದು '2012 ಬೇಕಾ?' ಅಂತಲ್ಲ, ಅದು ಯಾರಿಗೆ ಬೇಡ? '2004ರಿಂದ 2011ರವರೆಗಿನದು ಬೇಕಾ?' ಎಂದು ಕೇಳಿ.

ಇನ್ನು ದಾರಿಗಳು. ಮಗ ಹೇಳುವ ನೇರ ಲೈಸೆನ್ಸ್ ದಾರಿ ನನಗೆ ಎಲ್ಲಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಹದಿನೆಂಟು ತುಂಬಿದವನು ಡಿ, ಸಿ ದರ್ಜೆಯ ಕೋರ್ಸ್ ಮಾಡಬಹುದು, ಮಾಡಲಿ, ಒಳ್ಳೆಯದೇ. ಆದರೆ ಅವು ಊರಿನ ಮಕ್ಕಳ ತಂಡ ನೋಡಿಕೊಳ್ಳುವ ಅಪ್ಪಂದಿರೂ ಮಾಡುವ ಕೋರ್ಸುಗಳು. ಅದರ ಬಲದ ಮೇಲೆ ಹೊಟ್ಟೆ ತುಂಬುವ ಕೆಲಸ ಸಿಗುವುದಿಲ್ಲ. ಮೇಲಿನ ದರ್ಜೆಗಳಿಗೆ ಅರ್ಜಿ ಹಾಕುವಾಗ ಎಲ್ಲಿ, ಯಾರಿಗೆ, ಎಷ್ಟು ಕಾಲ ಕಲಿಸಿದ್ದೀಯ ಎನ್ನುವುದು ಮುಂದೆ ಬರುತ್ತದೆ.

ನನ್ನ ಒಲವು ವಿಶ್ವವಿದ್ಯಾಲಯದ ದಾರಿಗೆ, ಅದೂ ಫುಟ್‌ಬಾಲ್ ತಂಡ ಗಟ್ಟಿಯಾಗಿರುವ ಕಡೆ ಕ್ರೀಡಾವಿಜ್ಞಾನ ಓದುವುದಕ್ಕೆ. ಮಗನಿಗೆ ಕಾವೊರು ಮಿತೊಮಾ ಹೆಸರು ಹೇಳಿ. ಕಾವಾಸಾಕಿ ಕ್ಲಬ್ ಸೀನಿಯರ್ ತಂಡಕ್ಕೆ ಕರೆದಾಗಲೂ ಒಪ್ಪದೆ ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಹೋದವನು ಅವನು. ತನ್ನ ಡ್ರಿಬ್ಲಿಂಗನ್ನೇ ಪದವಿಯ ಪ್ರಬಂಧಕ್ಕೆ ವಿಷಯ ಮಾಡಿಕೊಂಡ, ಅಲ್ಲಿಂದಲೇ ವೃತ್ತಿಪರ ಆಟಕ್ಕೆ ಬಂದ. 2017ರಲ್ಲಿ ಈ ವಿದ್ಯಾರ್ಥಿ ತಂಡ, ವೃತ್ತಿಪರರೂ ಹವ್ಯಾಸಿಗಳೂ ಸೇರಿ ಆಡುವ ಎಂಪರರ್ಸ್ ಕಪ್ಪಿನಲ್ಲಿ ವೆಗಾಲ್ಟಾ ಸೆಂಡಾಯ್ ತಂಡವನ್ನೇ ಸೋಲಿಸಿತ್ತು. ಮಸಾಮಿ ಇಹಾರಾ, ಕಜಾಮಾ ಮುಂತಾದ ಕೋಚ್‌ಗಳೂ ಅಲ್ಲಿನವರೇ. ಇಲ್ಲಿ ಆಟ ಮುಂದುವರಿಯುತ್ತದೆ, ತಂಡದೊಳಗೇ ವಿಶ್ಲೇಷಣೆ, ಸ್ಕೌಟಿಂಗ್, ಕೆಳತಂಡದ ಕೋಚಿಂಗ್ ಮಾಡುವ ಅವಕಾಶ ಇರುತ್ತದೆ, ಕೈಗೆ ಪದವಿಯೂ ಬರುತ್ತದೆ. ಪ್ರಮಾಣಿತ ಶುಲ್ಕದ ಲೆಕ್ಕದಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳು ವರ್ಷಕ್ಕೆ 5,35,800 ಯೆನ್. ಕೆಲವು ಕಡೆ ಏರಿಸಿದ್ದಾರೆ, ಖಾಸಗಿಯಾದರೆ ಹೆಚ್ಚು. ಅಪಾಯ ಏನೆಂದರೆ ಪ್ರವೇಶ ಪರೀಕ್ಷೆ. ಇಷ್ಟು ದಿನ ಸಂಜೆಯೆಲ್ಲ ಮೈದಾನದಲ್ಲಿದ್ದ ಹುಡುಗನಿಗೆ ಅದು ಸುಲಭವಲ್ಲ, ಒಂದು ವರ್ಷ ಹೋಗಲೂಬಹುದು. ಕ್ರೀಡಾ ಶಿಫಾರಸಿನ ಪ್ರವೇಶ ಇರುವ ಕಡೆ ಅವನ ಈಗಿನ ಕ್ಲಬ್ಬಿನ ಕೋಚ್ ಬರೆದುಕೊಡುವ ಮಾತಿಗೆ ಬೆಲೆಯಿದೆ. ಸೀನಿಯರ್ ತಂಡಕ್ಕೆ ಬೇಡವೆಂದ ಕ್ಲಬ್ಬಿನ ಜೊತೆ ಮುನಿಸಿಕೊಂಡು ಹೊರಬರಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಶಾಲೆಯ ದಾರಿ ಕುರೊಡಾ ಹೋದ ದಾರಿ. ಶಿಕ್ಷಕನ ಅರ್ಹತೆ ಪಡೆದು ಶಾಲೆಯ ತಂಡ ನಡೆಸುವುದು. ಎಲ್ಲಕ್ಕಿಂತ ಭದ್ರ. ಆದರೆ ಶಿಕ್ಷಕರ ಕೆಲಸದ ಹೊರೆ ಎಷ್ಟೆಂದು ಜಪಾನಿನಲ್ಲಿರುವ ನಿಮಗೆ ಗೊತ್ತೇ ಇದೆ. 2023ರಿಂದ ಕಿರಿಯ ಮಾಧ್ಯಮಿಕ ಶಾಲೆಗಳ ವಾರಾಂತ್ಯದ ಕ್ರೀಡಾ ಚಟುವಟಿಕೆಯನ್ನು ಊರಿನ ಕ್ಲಬ್ಬುಗಳಿಗೆ ವಹಿಸುವ ಕೆಲಸ ನಡೆದಿದೆ, ಹಾಗಾಗಿ ಹೊರಗಿನ ಕೋಚ್‌ಗಳಿಗೆ ಬೇಡಿಕೆ ಬಂದಿದೆ. ಓದುತ್ತಾ ಅನುಭವ ಗಳಿಸಲು ಒಳ್ಳೆಯ ಜಾಗ, ಜೀವನೋಪಾಯಕ್ಕೆ ಸಾಲದು.

ಯಜಮಾನರ ಎಂಜಿನಿಯರಿಂಗ್ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಈಗಿನ ಕ್ಲಬ್ಬುಗಳಲ್ಲಿ ದತ್ತಾಂಶ ನೋಡುವವರಿಗೆ ಜಾಗವಿದೆ. ಹುಡುಗನಿಗೆ ಗಣಿತ ಹಿಡಿಸಿದರೆ ಆ ಬಾಗಿಲಿಂದಲೂ ಒಳಗೆ ಬರಬಹುದು. ಹಿಡಿಸದಿದ್ದರೆ ಒತ್ತಾಯದ ಎಂಜಿನಿಯರಿಂಗ್‌ನಿಂದ ಅರೆಮನಸ್ಸಿನ ಎಂಜಿನಿಯರ್ ಸಿಗುತ್ತಾನೆ, ಅಷ್ಟೇ.

ಭಾರತಕ್ಕೆ ಬಂದು ಮಾಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶಿಮೊನೊಸೆಕಿಯಲ್ಲಿ ಹುಟ್ಟಿದ ಅರಾತಾ ಇಜುಮಿ ಜಪಾನ್ ಪೌರತ್ವ ಬಿಟ್ಟುಕೊಟ್ಟು ಭಾರತದ ಪರ ಆಡಿದರು, ಆಟ ಬಿಟ್ಟ ಮೇಲೆ ಇಲ್ಲೇ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸ್‌ನಲ್ಲಿ ಹುಡುಗರಿಗೆ ಕೋಚ್ ಆದರು. ಜಪಾನಿನ ಮೇಲಿನ ದರ್ಜೆಯ ಲೈಸೆನ್ಸುಗಳಿಗೆ ಏಷ್ಯನ್ ಒಕ್ಕೂಟದ ಮನ್ನಣೆಯಿದೆ. ಜಪಾನೀ, ಇಂಗ್ಲಿಷ್, ಕನ್ನಡ ಮೂರೂ ಬರುವ, ಬಿ ಅಥವಾ ಎ ಲೈಸೆನ್ಸಿನ ಕೋಚ್ ಬೆಂಗಳೂರಿಗೆ ಬಂದರೆ ಅಕಾಡೆಮಿಗಳು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಆದರೆ ಇಲ್ಲಿನ ಕ್ಲಬ್ಬುಗಳ ಹಣಕಾಸು ಜಪಾನಿನಷ್ಟು ನೆಚ್ಚುವಂಥದ್ದಲ್ಲ. ಅಲ್ಲಿ ಕಲಿತು ಇಲ್ಲಿಗೆ ಬರುವುದು ಬೇರೆ, ಕಲಿಯುವುದಕ್ಕೆ ಮುಂಚೆ ಬರುವುದು ಬೇರೆ.

ತೀರ್ಮಾನಕ್ಕೆ ಮೊದಲು ಒಂದು ಕೆಲಸ ಮಾಡಿಸಿ. ಈಗಿನ ಕ್ಲಬ್ಬಿನ ಅಂಡರ್-12 ಕೋಚ್ ಹತ್ತಿರ ಹೋಗಿ, ಸೀಸನ್ ಮುಗಿಯುವವರೆಗೆ ವಾರಕ್ಕೆರಡು ದಿನ ಸಹಾಯ ಮಾಡುತ್ತೇನೆ ಎಂದು ಮಗ ತಾನೇ ಕೇಳಲಿ, ನೀವು ಕೇಳಬೇಡಿ. ಮನೆಗೆ ಬಂದಾಗ ಅವನ ಬಾಯಲ್ಲಿ ಏನು ಬರುತ್ತದೆ ಕೇಳಿಸಿಕೊಳ್ಳಿ. ತಾನು ತೋರಿಸಿದ ಸ್ಕಿಲ್ ಬಗ್ಗೆಯೇ ಹೇಳುತ್ತಿದ್ದರೆ ಅವನೊಳಗೆ ಇನ್ನೂ ಆಟಗಾರ ಇದ್ದಾನೆ, ಆಡಲಿ ಬಿಡಿ. ಇಂಥ ಹುಡುಗ ಎಡಗಾಲಲ್ಲಿ ಚೆಂಡು ಮುಟ್ಟಲು ಹೆದರುತ್ತಾನೆ, ಅವನಿಗೇನು ಮಾಡಲಿ ಎನ್ನುತ್ತಿದ್ದರೆ ಯಜಮಾನರನ್ನು ಕೂರಿಸಿ ಮಾತಾಡುವ ಹೊತ್ತು ಬಂದಿದೆ.

ಕಡೆಗೊಂದು ಒಣ ವಿಷಯ, ನಿಮ್ಮಂಥ ಮನೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು: ವೀಸಾ. ಮಗ ನಿಮ್ಮ ಅವಲಂಬಿತನ ವೀಸಾದಲ್ಲಿದ್ದರೆ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಕ್ರೀಡಾ ಕೋಚ್‌ಗಳಿಗೆಂದು ಜಪಾನ್ ಕೊಡುವ ವೀಸಾಕ್ಕೆ ಮೂರು ವರ್ಷದ ಕೋಚಿಂಗ್ ಅನುಭವ, ಇಲ್ಲವೇ ವೃತ್ತಿಪರವಾಗಿ ಆಡಿದ ಕಾಲ, ಇಂಥದ್ದು ಬೇಕು. ಹದಿನೆಂಟರ ಹುಡುಗನ ಬಳಿ ಅದಿರುವುದಿಲ್ಲ. ಪ್ರಾಥಮಿಕದಿಂದ ಹೈಸ್ಕೂಲಿನವರೆಗೆ ಜಪಾನೀ ಶಾಲೆಯಲ್ಲೇ ಓದಿ, ಕೆಲಸ ಖಚಿತವಾದ ಮಕ್ಕಳಿಗೆ ದೀರ್ಘಾವಧಿ ವಾಸಕ್ಕೆ ಬದಲಾಯಿಸಿಕೊಳ್ಳುವ ಅವಕಾಶವಿದೆ. ನಿಶಿಕಸಾಯ್ ಕಡೆ ಎಷ್ಟೋ ಮಕ್ಕಳು ಇಂಡಿಯನ್ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಓದುತ್ತಾರೆ, ಅವರ ಲೆಕ್ಕ ಬೇರೆಯಾಗುತ್ತದೆ. ನಿಮಗೆ ಕಾಯಂ ವಾಸದ ಅನುಮತಿ ಸಿಕ್ಕಿದ್ದರೆ ಅದೂ ಬೇರೆ. ಮಾರ್ಚಿನಲ್ಲಿ ಶಾಲೆ ಮುಗಿಯುವ ಮೊದಲೇ ವಲಸೆ ಕಚೇರಿಯಲ್ಲಿ ವಿಚಾರಿಸಿಬಿಡಿ, ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ.